ತಂಡ ಊರು ಬಿಟ್ಟಾಗ

ನಾವು ಅಣ್ಣ-ತಮ್ಮ ಇಬ್ಬರೂ 44 ವರ್ಷ ಒಂದೇ ಬೇಸ್‌ಬಾಲ್ ತಂಡವನ್ನು ಮೆಚ್ಚಿಕೊಂಡು ಬಂದವರು. ಈಗ ನಮ್ಮ ನಡುವೆ ಎರಡು ತಂಡಗಳಿವೆ. ಮನೆ ಒಡೆಯುವಂಥ ಜಗಳವೇನಲ್ಲ. ಆದರೂ ಇದರ ಹಿಂದಿನ ಪ್ರಶ್ನೆ ಬರೀ ಆಟದ್ದಲ್ಲ ಎನಿಸಿದ್ದರಿಂದ ಇಬ್ಬರೂ ಸೇರಿ ಇದನ್ನು ಬರೆಯುತ್ತಿದ್ದೇವೆ.

1980ರಲ್ಲಿ ಅಪ್ಪನ ಕೆಲಸದ ನಿಮಿತ್ತ ಭದ್ರಾವತಿಯಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದಾಗ ನಮಗೆ 11 ಮತ್ತು 9 ವರ್ಷ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಹೆಸರುಗಳು ನಮಗೆ ಬಾಯಿಪಾಠವಾಗಿದ್ದವು. ಹೊಸ ಶಾಲೆಯಲ್ಲಿ ಅವನ್ನು ಕೇಳುವವರೇ ಇರಲಿಲ್ಲ. ಅಲ್ಲಿ ಎಲ್ಲರ ಬಾಯಲ್ಲೂ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದ ರಿಕಿ ಹೆಂಡರ್ಸನ್. ಓಕ್ಲೆಂಡಿನಲ್ಲೇ ಬೆಳೆದವರು. ಬೇಸ್‌ಬಾಲಿನಲ್ಲಿ ಚೆಂಡಿಗೆ ಪೆಟ್ಟು ಬೀಳುವ ಮೊದಲೇ, ಎಸೆಯುವವನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಬಹುದು. ಬೇಸ್ ಕದಿಯುವುದು ಎನ್ನುತ್ತಾರೆ. 1982ರ ಒಂದೇ ಋತುವಿನಲ್ಲಿ ಹೆಂಡರ್ಸನ್ 130 ಬಾರಿ ಕದ್ದರು. ನಾವು ರೈಲು ಹತ್ತಿ ಕೊಲಿಸಿಯಂ ಮೈದಾನಕ್ಕೆ ಹೋಗತೊಡಗಿದೆವು. ಅಲ್ಲಿ ಪಕ್ಕದಲ್ಲಿ ಕುಳಿತವರು ‘ನೀವು ಎಲ್ಲಿಯವರು?’ ಎಂದು ಕೇಳಲಿಲ್ಲ, ‘ಎಷ್ಟು ಜನ ಔಟ್?’ ಎಂದು ಕೇಳಿದರು. ಹಸಿರು-ಹಳದಿ ಟೋಪಿ ಹಾಕಿಕೊಂಡ ದಿನವೇ ನಾವು ಆ ಊರಿನವರಾದೆವು.

1989ರ ಅಕ್ಟೋಬರ್ 17ರ ಸಂಜೆ, ವಿಶ್ವ ಸರಣಿಯ ಮೂರನೇ ಪಂದ್ಯ ಆರಂಭವಾಗುವ ಹೊತ್ತಿಗೆ ಭೂಮಿ ನಡುಗಿತು. ಓಕ್ಲೆಂಡಿನ ಎರಡಂತಸ್ತಿನ ಹೆದ್ದಾರಿ ಕುಸಿದು ಅಲ್ಲೇ 42 ಮಂದಿ ಸತ್ತರು. ಹತ್ತು ದಿನಗಳ ಬಳಿಕ ಸರಣಿ ಮುಂದುವರಿದು ನಮ್ಮ ತಂಡ 4-0ಯಿಂದ ಗೆದ್ದಿತು. ಊರು ಶೋಕದಲ್ಲಿದ್ದ ಕಾರಣ ಗೆಲುವಿನ ಅಬ್ಬರ ಇರಲಿಲ್ಲ. ಊರಿನ ದುಃಖ ತನ್ನದೂ ಹೌದೆಂದು ತಂಡ ನಡೆದುಕೊಂಡದ್ದನ್ನು ಆ ದಿನ ಕಂಡೆವು.

ಆದರೆ ಅಮೆರಿಕದಲ್ಲಿ ತಂಡ ಊರಿನ ಸ್ವತ್ತಲ್ಲ, ಮಾಲೀಕರ ಸ್ವತ್ತು. ಕರ್ನಾಟಕದ ರಣಜಿ ತಂಡ ಬೇರೆ ರಾಜ್ಯಕ್ಕೆ ಹೊರಟುಹೋಗುವುದನ್ನು ನಾವು ಊಹಿಸಲಾರೆವು. ಇಲ್ಲಿ ಅದು ಹೊಸದೇನಲ್ಲ. ಕೊಲಿಸಿಯಂ 1966ರ ಹಳೆಯ ಕಟ್ಟಡ. ಹೊಸ ಮೈದಾನದ ಯೋಜನೆಗಳು ಒಂದಾದ ಮೇಲೊಂದು ಬಂದವು. 2006ರಲ್ಲಿ ನಮ್ಮ ಫ್ರೀಮಾಂಟಿನಲ್ಲೇ ಕಟ್ಟುವ ಮಾತು ಹೊರಟು 2009ರಲ್ಲಿ ಕೈಬಿಟ್ಟಿತು. 2023ರಲ್ಲಿ ನೆವಾಡಾ ರಾಜ್ಯ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡಲು ಒಪ್ಪಿತು, ತಂಡ ಲಾಸ್ ವೇಗಾಸಿಗೆ ಹೊರಡುವುದು ಖಚಿತವಾಯಿತು. ಅದೇ ವರ್ಷ ಜೂನ್ 13ರಂದು 27,759 ಜನ ಮೈದಾನ ತುಂಬಿ, ತಂಡವನ್ನು ಬೇರೆಯವರಿಗೆ ಮಾರಿಬಿಡಿ ಎಂದು ಕೂಗಿದರು. ನಾವೂ ಕೂಗಿದೆವು. ಫಲವಾಗಲಿಲ್ಲ.

2024ರ ಸೆಪ್ಟೆಂಬರ್ 26ರಂದು ಕೊನೆಯ ಪಂದ್ಯ. 46,889 ಜನ ಸೇರಿದ್ದರು. ಮೊದಲ ಚೆಂಡು ಎಸೆಯಲು ಹೆಂಡರ್ಸನ್ ಬಂದಿದ್ದರು. ತಂಡ 3-2ರಿಂದ ಗೆದ್ದಿತು. ಆಟ ಮುಗಿದ ಮೇಲೆ ಜನ ಮೈದಾನದ ಮಣ್ಣನ್ನು ಲೋಟಗಳಲ್ಲಿ ತುಂಬಿಕೊಂಡು ಹೋದರು. ಅದೇ ಡಿಸೆಂಬರಿನಲ್ಲಿ ಹೆಂಡರ್ಸನ್ ತೀರಿಕೊಂಡರು.

ನಮ್ಮ ದಾರಿಗಳು ಬೇರೆಯಾದದ್ದು ಇಲ್ಲಿಂದ. ಲಾಸ್ ವೇಗಾಸಿನ ಮೈದಾನ 2028ಕ್ಕೆ ಸಿದ್ಧವಾಗಬೇಕೆಂಬ ಯೋಜನೆಯಿದೆ. ಅಲ್ಲಿಯವರೆಗೆಂದು 2025ರಿಂದ ತಂಡ ಪಶ್ಚಿಮ ಸ್ಯಾಕ್ರಮೆಂಟೋದ ಚಿಕ್ಕ ಮೈದಾನದಲ್ಲಿ ಆಡತೊಡಗಿತು. ಹೆಸರಿನಲ್ಲಿ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್. ನಮ್ಮಲ್ಲಿ ಹಿರಿಯವನು ಆ ತಂಡವನ್ನು ಬಿಡಲಿಲ್ಲ. ಅವನ ವಾದ ಹೀಗಿದೆ: ಈ ತಂಡ 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿತು, 1955ರಲ್ಲಿ ಕಾನ್ಸಾಸ್ ಸಿಟಿಗೆ ಹೋಯಿತು, 1968ರಲ್ಲಿ ಓಕ್ಲೆಂಡಿಗೆ ಬಂತು. ನಮ್ಮ ಬಾಲ್ಯದ ಸಂತೋಷ ಕಾನ್ಸಾಸ್ ಸಿಟಿಯ ಯಾವುದೋ ಮಕ್ಕಳು ಕಳೆದುಕೊಂಡದ್ದು. ನಾವೇ ಊರು ಬಿಟ್ಟು ಬಂದವರು. ಊರು ಬಿಟ್ಟಿತೆಂದು ತಂಡವನ್ನು ದೂರಲು ನಮಗೆ ಯಾವ ಬಾಯಿ?

ಈ ಮಾತು ಕಿರಿಯವನಿಗೆ ತಟ್ಟದೆ ಇಲ್ಲ. ಆದರೂ ಅವನು ಬೇರೆ ಲೆಕ್ಕ ಹಾಕುತ್ತಾನೆ. ನಾವು ಭದ್ರಾವತಿ ಬಿಟ್ಟರೂ ಅಜ್ಜಿಗೆ ತಿಂಗಳಿಗೊಂದು ಪತ್ರ ಹೋಗುತ್ತಿತ್ತು. ಊರು ಬಿಡುವುದು ಬೇರೆ, ಊರಿನವರನ್ನು ಬಿಡುವುದು ಬೇರೆ. ಕೊಲಿಸಿಯಂನಲ್ಲಿ ಟಿಕೆಟ್ ಹರಿಯುತ್ತಿದ್ದವರು, ಕಡಲೆಕಾಯಿ ಮಾರುತ್ತಿದ್ದವರು, ಡೋಲು ಬಾರಿಸುತ್ತಿದ್ದವರು ಓಕ್ಲೆಂಡಿನಲ್ಲೇ ಉಳಿದರು. ತಾನು ಮನಸ್ಸು ಕೊಟ್ಟದ್ದು ಅವರಿಗೆ ಎನ್ನುತ್ತಾನೆ. 2024ರಲ್ಲಿ ಪಶ್ಚಿಮ ಓಕ್ಲೆಂಡಿನ ರೈಮೊಂಡಿ ಪಾರ್ಕಿನಲ್ಲಿ ‘ಓಕ್ಲೆಂಡ್ ಬಾಲರ್ಸ್’ ಎಂಬ ಸಣ್ಣ ತಂಡ ಶುರುವಾಯಿತು. ಅದರಲ್ಲಿ ಅಭಿಮಾನಿಗಳೂ ಪಾಲು ಕೊಂಡರು. ಆಟದ ಮಟ್ಟ ಬಹಳ ಕೆಳಗಿನದು. 2025ರಲ್ಲಿ ಅದು ತನ್ನ ಪಯನಿಯರ್ ಲೀಗನ್ನು ಗೆದ್ದಾಗ ದೊಡ್ಡ ಪತ್ರಿಕೆಗಳ ಮುಖಪುಟಕ್ಕೆ ಸುದ್ದಿಯಾಗಲಿಕ್ಕಿಲ್ಲ. ಕಿರಿಯವನ ಮಟ್ಟಿಗೆ ಅದು 1989ಕ್ಕಿಂತ ಕಡಿಮೆಯಲ್ಲ.

ನಿಷ್ಠೆ ಎಂದರೆ ಹೆಸರನ್ನು ಬಿಡದಿರುವುದೋ, ಆ ಹೆಸರಿನ ಕೆಳಗೆ ನಮ್ಮೊಡನೆ ಕುಳಿತವರನ್ನು ಬಿಡದಿರುವುದೋ? ಓದುಗರು ಯಾವ ಕಡೆ ನಿಲ್ಲುವರೋ ತಿಳಿಯದು. ನಮ್ಮಲ್ಲಂತೂ ತೀರ್ಮಾನವಾಗಿಲ್ಲ. ಹಿರಿಯವನು ಟಿವಿಯಲ್ಲಿ ಅಥ್ಲೆಟಿಕ್ಸ್ ಸೋಲುವುದನ್ನು ನೋಡಿ ಫೋನು ಮಾಡುತ್ತಾನೆ. ಕಿರಿಯವನು ಸ್ಕೋರ್ ಕೇಳುವುದಿಲ್ಲ ಎಂದು ಹೇಳಿ, ಕೊನೆಗೆ ಕೇಳಿಯೇ ಕೇಳುತ್ತಾನೆ.