ಸ್ಟೇಷನ್ನಿನಲ್ಲಿ ಸಿಕ್ಕ ಕರಡಿ

ಚಿಕ್ಕಂದಿನಲ್ಲಿ ನಮ್ಮ ಊರಿಗೆ ಬರುತ್ತಿದ್ದ ಕರಡಿಗೆ ಮೂಗುದಾರವಿತ್ತು. ಅದರ ರೋಮವನ್ನು ತಾಯಿತದಲ್ಲಿಟ್ಟು ಕಟ್ಟಿದರೆ ಮಕ್ಕಳು ನಿದ್ದೆಯಲ್ಲಿ ಬೆಚ್ಚುವುದಿಲ್ಲವೆಂದು ಹಿರಿಯರು ಕಾಸು ಕೊಟ್ಟು ಕೊಳ್ಳುತ್ತಿದ್ದರು. ಹೀಗೆ ಬೆಳೆದವನಿಗೆ, ಎದುರಾದವರಿಗೆಲ್ಲ ಹ್ಯಾಟು ಎತ್ತಿ ವಂದಿಸುವ ಕರಡಿಯೊಂದು ಲಂಡನ್ನಿನಲ್ಲಿದೆ ಎಂದರೆ ನಂಬಿಕೆ ಬರುವುದಾದರೂ ಹೇಗೆ?

ಬಿಬಿಸಿಯಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದ ಮೈಕೆಲ್ ಬಾಂಡ್ 1956ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಹೆಂಡತಿಗೆಂದು ಒಂದು ಆಟದ ಕರಡಿ ಕೊಂಡರು. ಅಂಗಡಿಯ ಶೆಲ್ಫಿನಲ್ಲಿ ಅದೊಂದೇ ಉಳಿದಿತ್ತಂತೆ. ಮನೆ ಪ್ಯಾಡಿಂಗ್ಟನ್ ರೈಲು ನಿಲ್ದಾಣದ ಹತ್ತಿರ. ಆ ಹೆಸರನ್ನೇ ಇಟ್ಟರು. ಆ ಕರಡಿಯ ಮೇಲೆ ಬಾಂಡ್ ಬರೆದ ಕತೆಯೊಳಗೂ ಅಷ್ಟೇ. ಅವನ ಪೆರುವಿನ ಹೆಸರು ಯಾರಿಗೂ ಅರ್ಥವಾಗದೆ, ಸಿಕ್ಕಿದ ನಿಲ್ದಾಣದ ಹೆಸರೇ ಗಟ್ಟಿಯಾಗುತ್ತದೆ. ನಮ್ಮ ಕಡೆ ಸಿಕ್ಕಿದ್ದರೆ ಅರಸೀಕೆರೆಪ್ಪ ಆಗುತ್ತಿದ್ದನೋ ಏನೋ. ಬಾಂಡ್ ಮೊದಲು ಅವನನ್ನು ಆಫ್ರಿಕಾದಿಂದ ಕರೆತಂದಿದ್ದರು. ಅಲ್ಲಿ ಕರಡಿಗಳೇ ಇಲ್ಲ ಎಂದು ಅವರ ಏಜೆಂಟ್ ಹಾರ್ವೆ ಉನ್ನಾ ಎಚ್ಚರಿಸಿದ ಮೇಲೆ ಪೆರು ಬಂತು. 1958ರಲ್ಲಿ ಪುಸ್ತಕ ಬಂತು.

ಅವನು ಟಿಕೆಟ್ಟಿಲ್ಲದೆ, ಹಡಗಿನ ಜೀವರಕ್ಷಕ ದೋಣಿಯಲ್ಲಿ ಅಡಗಿ, ಮಾರ್ಮಲೇಡ್ ತಿಂದುಕೊಂಡು ಬಂದವನು. ಕೈಯಲ್ಲಿ ಹಳೆ ಸೂಟ್‌ಕೇಸು, ಕೊರಳಲ್ಲಿ ದಯವಿಟ್ಟು ಇವನನ್ನು ನೋಡಿಕೊಳ್ಳಿ ಎಂಬರ್ಥದ ಚೀಟಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬಿಗೆ ಹೆದರಿ ಲಂಡನ್ನಿನಿಂದ ಹಳ್ಳಿಗಳಿಗೆ ಕಳಿಸುತ್ತಿದ್ದ ಮಕ್ಕಳ ಕೊರಳಲ್ಲೂ ಇಂಥದೇ ಚೀಟಿಗಳಿದ್ದವು. ಅವನ್ನು ಕಂಡ ನೆನಪು ಬಾಂಡ್ ಅವರಲ್ಲಿತ್ತು. ಇದು ಗೊತ್ತಾದ ಮೇಲೆ ಆ ಚೀಟಿ ನನಗೆ ಬರೀ ತಮಾಷೆಯಾಗಿ ಕಾಣುವುದಿಲ್ಲ.

ನಿಲ್ದಾಣದಲ್ಲಿ ಅವನನ್ನು ಕಂಡ ಬ್ರೌನ್ ದಂಪತಿ ಮನೆಗೆ ಕರೆದೊಯ್ದ ದಿನವೇ ಅವನು ಬಚ್ಚಲಲ್ಲಿ ಪ್ರಳಯ ಮಾಡುತ್ತಾನೆ. ಯಜಮಾನರ ಶೇವಿಂಗ್ ಕ್ರೀಮನ್ನು ಹಿಂಡಿ ನೆಲದ ಮೇಲೆ ದಕ್ಷಿಣ ಅಮೆರಿಕದ ನಕ್ಷೆ ಬಿಡಿಸುತ್ತ ಕೂತಿರುತ್ತಾನೆ. ಅತ್ತ ತೊಟ್ಟಿ ತುಂಬಿ ಹರಿಯುತ್ತದೆ. ಮಕ್ಕಳು ನೀರು ನೋಡಿ ನಗುತ್ತಾರೆ, ನಾನು ನಕ್ಷೆಯನ್ನು ನೋಡುತ್ತೇನೆ. ಹೊಸ ಮನೆಯಲ್ಲಿ ಮೊದಲು ಸಿಕ್ಕ ಏಕಾಂತದಲ್ಲೇ ಊರಿನ ಗಡಿ ಗೀಚಿದ್ದನ್ನು ಬಾಂಡ್ ಒಂದು ಮಾತೂ ಎಳೆಯದೆ ಹೇಳಿ ಮುಗಿಸುತ್ತಾರೆ. ಜಾಣ ಬರಹಗಾರ.

ಪೆಗ್ಗಿ ಫೋರ್ಟ್ನಮ್ ಬರೆದ ಚಿತ್ರಗಳೂ ಹಾಗೆಯೇ. ಅವಸರದಲ್ಲಿ ಎಳೆದಂಥ ಶಾಯಿಯ ನಾಲ್ಕು ಗೀರು, ಅದರೊಳಗೆ ಜೀವಂತ ಕರಡಿ. ಮುಂದೆ ಬೊಂಬೆಗೆ ಕೆಂಪು, ನೀಲಿ ಎಂದು ಬಣ್ಣ ಮೆತ್ತಿದವರು ಬಹಳ. ನನ್ನ ಮತ ಗೀರುಗಳಿಗೇ.

ಅವನ ವಿನಯ ಎಂಥದು ಎನ್ನುವುದೂ ನೋಡಬೇಕಾದ್ದೇ. ಆಶ್ರಯ ಸಿಕ್ಕಿತೆಂದು ಸದಾ ಬೆನ್ನು ಬಗ್ಗಿಸಿ ನಿಲ್ಲುವವನಲ್ಲ. ಯಾರಾದರೂ ಮರ್ಯಾದೆ ಮರೆತರೆ ಪೆರುವಿನಲ್ಲಿ ಅವನನ್ನು ಸಾಕಿದ ಲೂಸಿ ಅತ್ತೆ ಕಲಿಸಿಕೊಟ್ಟ ದುರುಗುಟ್ಟಿದ ನೋಟ ಬೀರುತ್ತಾನೆ, ಎದುರಿಗಿದ್ದವರು ತಡವರಿಸಬೇಕು. ಈ ಘನತೆಯನ್ನು ಚೆನ್ನಾಗಿ ಬಲ್ಲವರು ಪೋರ್ಟಬೆಲ್ಲೊ ರಸ್ತೆಯ ಹಳೆ ಸಾಮಾನಿನ ಅಂಗಡಿಯ ಗ್ರೂಬರ್. ಅವರೂ ಹೊರಗಿನಿಂದ ಬಂದವರು. ಬೆಳಿಗ್ಗೆ ಹನ್ನೊಂದಕ್ಕೆ ಇಬ್ಬರೂ ಕೋಕೋ ಕುಡಿಯುತ್ತ, ಬನ್ನು ತಿನ್ನುತ್ತ ಹರಟುತ್ತಾರೆ. ಊರೆಲ್ಲ ಪ್ಯಾಡಿಂಗ್ಟನ್ ಎಂದರೆ ಇವರು ಮಾತ್ರ ‘ಮಿಸ್ಟರ್ ಬ್ರೌನ್’ ಎನ್ನುತ್ತಾರೆ. ಗ್ರೂಬರ್‌ಗೆ ಮಾದರಿ ಅದೇ ಏಜೆಂಟ್ ಉನ್ನಾ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದವರು.

ಪಕ್ಕದ ಮನೆಯ ಕರ್ರಿ ಇದಕ್ಕೆ ತದ್ವಿರುದ್ಧ. ಹೊಸಬನೆಂದರೆ ಬಿಟ್ಟಿ ಆಳು ಎಂದೇ ಅವರ ಲೆಕ್ಕ. ‘ಏ ಕರಡಿ’ ಎಂದು ಗದರಿಸಿ ತಮ್ಮ ಮನೆಯ ರಿಪೇರಿಗೆ ಹಚ್ಚುತ್ತಾರೆ. ಕರಡಿ ಶ್ರದ್ಧೆಯಿಂದಲೇ ಕೆಲಸ ಮಾಡುತ್ತಾನೆ, ಆದರೆ ಮುಗಿಯುವಷ್ಟರಲ್ಲಿ ಉಳಿದ ಕೂಲಿಗಿಂತ ಹಾಳಾದ ಸಾಮಾನೇ ಹೆಚ್ಚು. ಇಷ್ಟು ವಯಸ್ಸಾದರೂ ಆ ಪುಟಗಳಿಗೆ ಬಂದಾಗ ನನಗೆ ಕರ್ರಿಯ ಮೇಲೆ ಎಳ್ಳಷ್ಟೂ ಕನಿಕರ ಹುಟ್ಟುವುದಿಲ್ಲ.