ಸಂಪಾಜೆಯಲ್ಲಿ ಒಂದು ಸಾಯಂಕಾಲ

ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಯಾತ್ರಿಕರಲ್ಲಿ ಸಂಪಾಜೆಯಲ್ಲಿ ಇಳಿಯುವವರು ವಿರಳ. ಬಸ್ಸು ಸುಳ್ಯ, ಅರಂತೋಡುಗಳನ್ನು ದಾಟಿ ಇಲ್ಲಿಗೆ ಬಂದೊಡನೆ ಜನರು ಕಿಟಕಿಗಳನ್ನು ಸರಿಪಡಿಸಿಕೊಂಡು ಘಟ್ಟದ ತಿರುವುಗಳಿಗೆ ಸಿದ್ಧರಾಗುತ್ತಾರೆ. ಅಷ್ಟರಲ್ಲಿ ಊರು ಹಿಂದಕ್ಕೆ ಸರಿದಿರುತ್ತದೆ. ನಾವೂ ಎಷ್ಟೋ ಸಲ ಹಾಗೆಯೇ ದಾಟಿದವರು. ಕಳೆದ ಆಟಿ ತಿಂಗಳಲ್ಲಿ ಸಿದ್ದಾಪುರದ ಬಳಿಯ ಆನಂದಪುರಕ್ಕೆ ನೆಂಟರ ಮನೆಗೆಂದು ಕುಟುಂಬಸಹಿತರಾಗಿ ಹೊರಟಾಗ, ಘಟ್ಟದಲ್ಲಿ ಮಣ್ಣು ಜರಿದು ಮರಗಳು ಅಡ್ಡಬಿದ್ದಿವೆಯೆಂದು ಬಸ್ಸನ್ನು ಇಲ್ಲಿ ನಿಲ್ಲಿಸಿಬಿಟ್ಟರು.

ಸಂಪಾಜೆಗಳು ಎರಡು ಎಂಬುದನ್ನು ಅನೇಕರು ಅರಿಯರು. ಒಂದು ಕೊಡಗಿನದು, ಇನ್ನೊಂದು ದಕ್ಷಿಣ ಕನ್ನಡದ್ದು. 1834ರಲ್ಲಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡು, ಅದಕ್ಕೆ ಸೇರಿದ್ದ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಕೂಡಿಸಿದರು. ಮನುಷ್ಯರು ಎಳೆದ ಈ ಗೆರೆಯನ್ನು ಪಯಸ್ವಿನಿ ಹೊಳೆಯು ಲೆಕ್ಕಿಸದೆ ಎರಡೂ ಕಡೆಯ ಅಡಿಕೆ ತೋಟಗಳ ನೀರನ್ನು ಹೊತ್ತು, ಕಾಸರಗೋಡಿನಲ್ಲಿ ಚಂದ್ರಗಿರಿಯೆನಿಸಿ ಸಮುದ್ರವನ್ನು ಸೇರುತ್ತದೆ. ಒಂದೇ ಅಂಗಡಿಯ ಜಗಲಿಯಲ್ಲಿ ಅರೆಭಾಷೆ, ತುಳು, ಮಲೆಯಾಳ, ಕನ್ನಡಗಳು ನಮ್ಮ ಕಿವಿಗೆ ಬಿದ್ದವು. ಚಹಾ ಮಾತ್ರ ಬಹಳ ನೀರಾಗಿತ್ತು.

ನಮ್ಮ ಸಭೆಯ ಸ್ನೇಹಿತರೊಬ್ಬರ ಸೋದರತ್ತೆಯವರು ಇಲ್ಲಿಯೇ ಹೊಳೆಯ ಸಮೀಪ ಇರುವುದು ನೆನಪಿಗೆ ಬಂದು, ಅವರಲ್ಲಿಗೆ ಹೋದೆವು. ಎಪ್ಪತ್ತು ದಾಟಿದ ವಿಧವೆ. ಒದ್ದೆಯಾದ ನಮ್ಮ ಮಕ್ಕಳಿಗೆ ಒಲೆಯ ಬಳಿ ಸ್ಥಳಮಾಡಿ ಕೊಟ್ಟು, ಗಂಜಿಗೆ ಅಕ್ಕಿ ಹಾಕಿದರು.

ಮಾತು ಸಹಜವಾಗಿ ಮಳೆಯ ಕಡೆಗೆ ತಿರುಗಿತು. 2018ರ ಆಗಸ್ಟ್ ನಡುವಿನಲ್ಲಿ ಮೇಲಿನ ಜೋಡುಪಾಲ, ಮದೆನಾಡುಗಳ ಗುಡ್ಡಗಳು ಕುಸಿದು ಮನೆಗಳೂ ಜನರೂ ಮಣ್ಣಿನ ಪಾಲಾದರು. ಬದುಕಿದವರು ಕೆಳಗಿಳಿದು ಬಂದು ಈ ಕಡೆಯ ಶಾಲೆಗಳಲ್ಲಿ ಆಶ್ರಯ ಪಡೆದರು. ಮಡಿಕೇರಿಯ ರಸ್ತೆ ಬಹುಕಾಲ ಮುಚ್ಚಿತ್ತು. ಬಳಿಕ 2022ರ ಜೂನ್ ಕೊನೆಯಲ್ಲಿ ಚೆಂಬು, ಪೆರಾಜೆ, ಸಂಪಾಜೆಗಳಲ್ಲಿ ಭೂಮಿ ಮತ್ತೆ ಮತ್ತೆ ನಡುಗಿತು. “ಪಾತ್ರೆಗಳು ತಾವೇ ಮಾತಾಡಿದವು” ಎಂದು ಆ ತಾಯಿ ನಕ್ಕರು.

ಅವರ ಒಬ್ಬನೇ ಮಗ ಮನೆಯಲ್ಲಿ ಜಗಳವಾಡಿ ಪರದೇಶಕ್ಕೆ ಹೋದವನು ಹನ್ನೊಂದು ವರ್ಷಗಳಿಂದ ಸುದ್ದಿ ಕಳುಹಿಸಿಲ್ಲ. ಪ್ರತಿ ಸಾಯಂಕಾಲ ಏಳು ಗಂಟೆಗೆ ಅವನ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಬೇಸರವಾಗುವುದಿಲ್ಲವೇ ಎಂದು ಕೇಳಿದೆವು. ಕೇಳಬಾರದಿತ್ತು. “ಆಗುತ್ತದೆ. ಕೆಲವು ದಿನ ದೇವರೊಂದಿಗೆ ಸಿಟ್ಟು ಮಾಡುತ್ತೇನೆ. ಆದರೂ ಏಳು ಗಂಟೆಗೆ ಕೂತುಕೊಳ್ಳುತ್ತೇನೆ. ಸಿಟ್ಟನ್ನು ಹೇಳುವುದಾದರೂ ಮತ್ತೆ ಯಾರ ಹತ್ತಿರ?” ಎಂದರು.

ನಾವು ಉತ್ತರ ಕೊಡಲಿಲ್ಲ. ಯಾತಕ್ಕೆಂದರೆ ನಮ್ಮ ಮನೆಯಲ್ಲಿ ಆ ಏಳು ಗಂಟೆ ನಿಂತುಹೋಗಿತ್ತು. ತಮ್ಮನ ಕಾಯಿಲೆಯಲ್ಲಿ ಎರಡು ವರ್ಷ ಬಿಡದೆ ಬೇಡಿಕೊಂಡೆವು. ಅವನು ತೀರಿಕೊಂಡ ಮೇಲೆ ಕುಟುಂಬ ಪ್ರಾರ್ಥನೆಯ ಚಾಪೆಯನ್ನು ಸುತ್ತಿಟ್ಟೆವು. ಭಾನುವಾರ ದೇವಾಲಯಕ್ಕೆ ಹೋಗುವುದು ತಪ್ಪಿರಲಿಲ್ಲ. ಅದು ನೆರೆಯವರ ಕಣ್ಣಿಗಾಗಿ. ಅನ್ಯಾಯಗಾರನಾದ ನ್ಯಾಯಾಧಿಪತಿಯನ್ನು ಪೀಡಿಸಿದ ವಿಧವೆಯ ಸಾಮ್ಯವನ್ನು ಕೇಳಿದಾಗಲೆಲ್ಲ, ಅವಳಿಗೆ ಕಡೆಗೆ ನ್ಯಾಯ ದೊರಕಿತಲ್ಲಾ ಎಂದು ಮನಸ್ಸಿನಲ್ಲೇ ವಾದಿಸುತ್ತಿದ್ದೆವು.

ಕರಾವಳಿಯಿಂದ ಕೊಡಗಿಗೆ ಬಂದು ನೆಲಸಿದ ಹೆರ್ಮನ್ ಮೋಗ್ಲಿಂಗರು ಅಲ್ಲಿ ನೆನಪಾದರು. 1836ರಲ್ಲಿ ಬಾಸೆಲ್ ಮಿಶನಿನವರಾಗಿ ಮಂಗಳೂರಿಗೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಅವರನ್ನು ಕನ್ನಡಿಗರೆಲ್ಲರೂ ಬಲ್ಲರು. 1853ರಲ್ಲಿ ಅವರು ಕೊಡಗಿನ ಕೆಲಸಕ್ಕೆ ಕೈಹಾಕಿದ ಕಥೆ ಅಷ್ಟು ಪ್ರಸಿದ್ಧವಲ್ಲ. ಆ ನಾಡಿನ ದೊಡ್ಡ ಮನೆತನಗಳು ತಮ್ಮ ಪೂರ್ವಿಕರ ನಂಬಿಕೆಯನ್ನು ಬಿಡಲಿಲ್ಲ. ಅದು ಅವರ ಹಕ್ಕು. ಮೋಗ್ಲಿಂಗರ ಬಳಿಗೆ ಬಂದವರಲ್ಲಿ ಹೆಚ್ಚಿನವರು ಹೊಲೆಯರೆನಿಸಿಕೊಂಡು ಒಡೆಯರ ಗದ್ದೆಗಳಲ್ಲಿ ಜೀತಮಾಡುತ್ತಿದ್ದ ಬಡವರು. ಅವರ ನೆಲೆಗಾಗಿ ಹುಟ್ಟಿದ ಊರೇ ಆನಂದಪುರ. ಪತ್ನಿಯ ಅನಾರೋಗ್ಯದ ನಿಮಿತ್ತ 1860ರಲ್ಲಿ ಸ್ವದೇಶಕ್ಕೆ ಮರಳಿದ ಮೋಗ್ಲಿಂಗರು 1881ರಲ್ಲಿ ಜರ್ಮನಿಯಲ್ಲೇ ತೀರಿಕೊಂಡರು. ಕೊಡಗನ್ನು ಮತ್ತೆ ಕಾಣಲಿಲ್ಲ. ಅವರು ಬೇಡಿಕೊಂಡದ್ದು ಬಹಳವಿದ್ದಿರಬೇಕು. ಕಣ್ಣಾರೆ ಕಂಡದ್ದು ಒಂದು ಚಿಕ್ಕ ಊರು. ಆದರೆ ಆ ಊರಿನ ಮಕ್ಕಳ ಮಕ್ಕಳ ಮನೆಗೇ ನಾವು ಅಂದು ಹೊರಟಿದ್ದೆವು.

ಗಡಿಯಾರ ಏಳು ಹೊಡೆಯಿತು. ಆ ತಾಯಿ ಚಾಪೆ ಹಾಸಿ, ಪ್ರಾರ್ಥನೆ ನಡಿಸುವಂತೆ ನಮ್ಮನ್ನೇ ಕೇಳಿಕೊಂಡರು. ನಾವು ಮೊಣಕಾಲೂರಿದೆವು, ಬಾಯಿ ಬರಲಿಲ್ಲ. ಹೆಂಚಿನ ಮೇಲೆ ಮಳೆಯ ಶಬ್ದವಲ್ಲದೆ ಬೇರೇನೂ ಇರಲಿಲ್ಲ. ಆಗ ನಮ್ಮ ಒಂಬತ್ತು ವರ್ಷದ ಮಗಳು ಕರ್ತನು ಕಲಿಸಿದ ಪ್ರಾರ್ಥನೆಯನ್ನು ತಾನಾಗಿಯೇ ತೊಡಗಿದಳು. ಎರಡನೆಯ ಸಾಲಿನಲ್ಲಿ ಅವಳ ತಾಯಿ ಕೂಡಿದಳು. ಅನುದಿನದ ಆಹಾರವನ್ನು ಬೇಡುವ ಸಾಲಿಗೆ ಬರುವಾಗ ನಮ್ಮ ಧ್ವನಿಯೂ ಅದರಲ್ಲಿತ್ತು. ಬಳಿಕ ಆ ತಾಯಿ ತಮ್ಮ ಮಗನ ಹೆಸರನ್ನು ಹೇಳಿ, ನಮ್ಮ ತಮ್ಮನ ಹೆಸರೇನೆಂದು ಮೆಲ್ಲಗೆ ಕೇಳಿದರು. ಹೇಳಿದೆವು. ಎರಡು ವರ್ಷಗಳಾದ ಮೇಲೆ ಆ ಹೆಸರು ನಮ್ಮ ಬಾಯಿಂದ ಹೊರಟಿತು.

ಒಂಬತ್ತರ ಸುಮಾರಿಗೆ ದಾರಿ ತೆರೆಯಿತೆಂದು ನಿರ್ವಾಹಕನು ಕೂಗಿ ಕರೆದನು. ಆ ತಾಯಿ ಅಡಿಕೆಯ ಒಂದು ಪೊಟ್ಟಣವನ್ನೂ ಉಪ್ಪಿನಕಾಯಿಯ ಭರಣಿಯನ್ನೂ ನಮ್ಮ ಕೈಗಿತ್ತರು. ಕೊಯನಾಡು ದಾಟಿ ಬಸ್ಸು ನಿಧಾನವಾಗಿ ಏರಿತು. ಜೋಡುಪಾಲದ ತಿರುವಿನಲ್ಲಿ ಲಾಂದ್ರ ಹಿಡಿದ ಕೂಲಿಗಳು ನೆನೆಯುತ್ತ ಇನ್ನೂ ಮಣ್ಣು ತೋಡುತ್ತಿದ್ದರು. ಚಾಲಕನು ಅವರಿಗೆ ಕೈಯೆತ್ತಿ ನಮಸ್ಕರಿಸಿದನು. ಆನಂದಪುರವನ್ನು ಮುಟ್ಟುವಾಗ ನಡುರಾತ್ರಿ ಕಳೆದಿತ್ತು. ನಮಗಾಗಿ ದೀಪವನ್ನು ಉರಿಸಿಟ್ಟುಕೊಂಡು ಕಾದಿದ್ದರು.