ಬಾಣಂತನ ಕಾಣದ ಬಾಣಂತಿ

12 ಏಪ್ರಿಲ್ 2024, ಶುಕ್ರವಾರ

ಯುಗಾದಿ ಕಳೆದು ಮೂರು ದಿನ. ಬೀದಿಯ ಬಾಗಿಲುಗಳಲ್ಲೆಲ್ಲ ಮಾವಿನ ತೋರಣ ಬಾಡುತ್ತಿದೆ, ನಾನು ಹೋದ ಮನೆಯವರು ಮಾತ್ರ ತೋರಣವನ್ನೇ ಕಟ್ಟಿಲ್ಲ. ಹುಡುಗಿಯ ತಾಯಿ ಹುಣಸೆಹಣ್ಣಿನ ರಾಶಿಯ ಮುಂದೆ ಕೂತು ಬೀಜ ಬಿಡಿಸುತ್ತಿದ್ದರು. ನಾನು ಏನು ಕೇಳಿದರೂ ಅವರ ಕೈ ನಿಲ್ಲಲಿಲ್ಲ, ತಲೆ ಎತ್ತಲೂ ಇಲ್ಲ.

ಹುಡುಗಿಗೆ ಹದಿನಾರು, ಮೊನ್ನೆ ತಾನೇ ಎಸ್ಸೆಸ್ಸೆಲ್ಸಿ ಬರೆದವಳು. ಸ್ಕ್ಯಾನಿಂಗ್ ಪ್ರಕಾರ 28 ವಾರ. ಹೆಸರನ್ನು ಈ ಪುಸ್ತಕದಲ್ಲೂ ಬರೆಯುವುದಿಲ್ಲ. 24 ವಾರದೊಳಗೆ ಗೊತ್ತಾಗಿದ್ದರೆ ಅಪ್ರಾಪ್ತೆಗೆ ಗರ್ಭಪಾತದ ದಾರಿಯನ್ನು ಕಾಯ್ದೆಯ 2021ರ ತಿದ್ದುಪಡಿಯೇ ಕೊಟ್ಟಿತ್ತು. ಆದರೆ ಹುಣಸೆಹಣ್ಣು ಬಿಡಿಸುವ ಈ ಮನೆಗೆ ಆ ಸುದ್ದಿ ಮುಟ್ಟಿಸಿದವರು ಯಾರೂ ಇಲ್ಲ.

ತಂದೆ ಹೊರಗಿನ ಜಗಲಿಯಿಂದಲೇ ಹೇಳಿದರು: "ಆ ಹುಡ್ಗನ್ ಕೈಲೇ ತಾಳಿ ಕಟ್ಟಿಸ್ಬಿಡ್ರಿ ಮೇಡಂ. ಕೇಸು ಗೀಸು ಬ್ಯಾಡ." ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ವಿವರಿಸಿದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು, ಪೋಕ್ಸೋ ಕಾಯ್ದೆ ಇರುವುದೇ ಹಾಗೆ. ಸಮಿತಿಯೇ ನನ್ನನ್ನು ಬೆಂಬಲ ವ್ಯಕ್ತಿಯಾಗಿ ಕಳಿಸಿದೆ ಅಂದೆ. "ಮಾನ ಹೋಗೈತಲ್ಲ, ಅದುಕ್ಕೆ ಯಾರ್ನ ಕಳುಸ್ತಾರೆ?" ಅಂದರು. ಅವರ ಪಕ್ಕದಲ್ಲೇ ಜಗಲಿಯ ಮೇಲೆ ಕೂತೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

3 ಮೇ, ಶುಕ್ರವಾರ

ಇವತ್ತು ಮೊದಲ ಸಲ ಅವಳೊಬ್ಬಳೇ ಮಾತಿಗೆ ಸಿಕ್ಕಳು. ಇಷ್ಟು ದಿನ ಬಂದವರೆಲ್ಲ ಯಾರು, ಎಲ್ಲಿ, ಎಷ್ಟು ಸಲ ಎಂದೇ ಕೇಳಿದ್ದಾರೆ. ಅವಳಿಗಿದ್ದ ಪ್ರಶ್ನೆ ಬೇರೆ: "ಹೆರಿಗೆ ಅಂದ್ರೆ ಎಷ್ಟೊತ್ತು ನೋಯ್ತದೆ ಅಕ್ಕಾ?" ಗೊತ್ತಿದ್ದಷ್ಟನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಕಬ್ಬಿಣದ ಮಾತ್ರೆಗಳನ್ನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದಾಳೆ. ಮಲ ಕಪ್ಪಗಾದದ್ದು ನೋಡಿ ಹೆದರಿದ್ದಳಂತೆ. ರಕ್ತ ಕಮ್ಮಿಯಿರುವ ಹುಡುಗಿ, ಒಂದೇ ಒಂದು ಮಾತು ಹೇಳುವವರಿಲ್ಲದೆ ಮಾತ್ರೆ ಬಿಟ್ಟಿದ್ದಾಳೆ!

ಹೊರಡುವಾಗ ಅವನ ಬಗ್ಗೆಯೂ ಕೇಳಿದಳು. ಹತ್ತೊಂಬತ್ತರ ಹುಡುಗ, ಜೈಲಿನಲ್ಲಿದ್ದಾನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

25 ಜೂನ್, ಮಂಗಳವಾರ

ನಿನ್ನೆ ಹೆರಿಗೆಯಾಯಿತು. ಹೆಣ್ಣು ಮಗು, ಎರಡು ಕಿಲೋ ಚಿಲ್ಲರೆ. ವಾರ್ಡಿನ ಆ ತುದಿಯಿಂದ ನರ್ಸ್ ಕೂಗಿದರು, "ಗಂಡನ ಹೆಸರೇನಮ್ಮಾ?" ಅಷ್ಟೂ ಮಂಚಗಳು ಇತ್ತ ತಿರುಗಿದವು. ನಾನೇ ಎದ್ದು ಹೋಗಿ ಆ ಜಾಗ ಖಾಲಿ ಬಿಡಿ ಎಂದೆ. ಅವಿವಾಹಿತ ತಾಯಿ ಪ್ರಮಾಣಪತ್ರ ಕೊಟ್ಟರೆ ಸಾಕು, ತಂದೆಯ ಹೆಸರಿಲ್ಲದೆಯೇ ಜನನ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ನರ್ಸ್ ಒಳ್ಳೆಯವರು, ಆಮೇಲೆ ತಾವೇ ಬಂದು ಮಂಚದ ಸುತ್ತ ಪರದೆ ಎಳೆದರು.

28 ಜೂನ್, ಶುಕ್ರವಾರ

ಸಮಿತಿಯ ಇಬ್ಬರು ಮಹಿಳಾ ಸದಸ್ಯರೆದುರು ಮಗುವನ್ನು ದತ್ತು ಕೊಡಲು ಒಪ್ಪಿಸಿದ್ದಾಯಿತು. ಹುಡುಗಿ ಅಪ್ರಾಪ್ತೆಯಾದ್ದರಿಂದ ತಾಯಿ ಸಾಕ್ಷಿಯಾಗಿ ಸಹಿ ಹಾಕಿದರು. ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು ಅಂತ ಸದಸ್ಯರು ಕೇಳಿದರೆ, "ಅಮ್ಮ ಹೇಳ್ದಂಗೆ" ಅಂದಳು. ಅದನ್ನು ಒಪ್ಪಿಗೆ ಅಂತ ನಾನು ಎಣಿಸಲಾರೆ. ಮನಸ್ಸು ಬದಲಾಯಿಸಲು 60 ದಿನ ಇದೆ. ಅಲ್ಲಿಯವರೆಗೆ ಮಗು ದತ್ತು ಕೇಂದ್ರದಲ್ಲಿರುತ್ತದೆ. ಆ 60 ದಿನ ಅವಳದಾಗಬೇಕು, ಅಪ್ಪ ಅಮ್ಮನದಲ್ಲ.

30 ಜೂನ್, ಭಾನುವಾರ

ಬೆಳಿಗ್ಗೆಯೇ ತಾಯಿಯ ಫೋನು. ಹೋಗಿ ನೋಡಿದರೆ ಹುಡುಗಿಗೆ ಜ್ವರ, ಎದೆ ಕಲ್ಲಾಗಿದೆ, ರವಿಕೆ ಒದ್ದೆ. ಯಾವುದೋ ಕಾಯಿಲೆ ಅಂದುಕೊಂಡು ರಾತ್ರಿಯೆಲ್ಲ ಅತ್ತಿದ್ದಾಳೆ. ಮಗು ಹೋದರೂ ಹಾಲು ಬರುತ್ತದೆ ಎಂದು ಬಿಡುಗಡೆ ಮಾಡುವಾಗ ಒಬ್ಬರೂ ಹೇಳಿಲ್ಲ. ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಬಾಣಂತಿಗೆ ಕೊಡುವ ಖಾರ, ಧೂಪ, ಎರೆಯುವ ನೀರು ಯಾವುದೂ ಇಲ್ಲವಲ್ಲಮ್ಮಾ ಅಂದೆ. ತಾಯಿ ದನಿ ತಗ್ಗಿಸಿದರು: "ಓಮದ ವಾಸ್ನೆ ಬಂದ್ರೆ ಪಕ್ಕದ್ ಮನೆಯೋರ್ಗೆ ಗೊತ್ತಾಗ್ತದೆ ಮೇಡಂ." ಅದನ್ನು ಹೇಳುತ್ತಲೇ ಅತ್ತುಬಿಟ್ಟರು. ಆ ಹೆಂಗಸು ಅತ್ತದ್ದನ್ನು ನೋಡಿದ್ದು ಇದೇ ಮೊದಲು. ಮಗಳಿಗೆ ಬಾಣಂತನ ಮಾಡಲಾಗದ ಸಂಕಟ ಅವರನ್ನು ಒಳಗೊಳಗೇ ತಿನ್ನುತ್ತಿತ್ತು, ನಾವೆಲ್ಲ ಅವರನ್ನು ಕಲ್ಲುಮನಸ್ಸಿನವಳು ಎಂದುಕೊಂಡಿದ್ದೆವು. ಊರು ಮಲಗಿದ ಮೇಲೆ ನೀರು ಕಾಯಿಸಿ ಎರೆಯುತ್ತೇನೆ ಎಂದಿದ್ದಾರೆ.

30 ಜುಲೈ, ಮಂಗಳವಾರ

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದು ಉಳಿದಿದೆ, ಆಗಸ್ಟಿನ ಪರೀಕ್ಷೆ-3ಕ್ಕೆ ಕೂರುತ್ತಾಳೆ. ತಂದೆ ಅವಳ ಜೊತೆ ಇನ್ನೂ ಮಾತು ಬಿಟ್ಟೇ ಇದ್ದಾರೆ, ಆದರೂ ಹಾಲ್ ಟಿಕೆಟ್ ತಂದವರು ಅವರೇ. ಮಿಷನ್ ವಾತ್ಸಲ್ಯದ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವಕ್ಕೆ ಅರ್ಜಿ ಹೋಗಿದೆ. ಆಪ್ತಸಮಾಲೋಚನೆಯಲ್ಲಿ ಮಗುವಿನ ಮಾತನ್ನು ಅವಳೇ ಎತ್ತುತ್ತಿದ್ದಾಳೆ. ಗಡುವು ಯಾವತ್ತಿಗೆ ಅಂತ ಇವತ್ತು ಕೇಳಿದಳು. ಆಗಸ್ಟ್ 27 ಅಂದೆ. ಬೆರಳಲ್ಲಿ ಎಣಿಸಿಕೊಂಡಳು, ಮುಂದೇನೂ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಮಗು ಮನೆಯಲ್ಲಿದ್ದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಬರುತ್ತಾರೆ. ಮಗುವಿಲ್ಲದ ಈ ಬಾಣಂತಿಯನ್ನು ನೋಡಲು ಒಬ್ಬರೂ ಬರಲಿಲ್ಲ. ಮಕ್ಕಳ ರಕ್ಷಣಾ ಘಟಕಕ್ಕೆ ಇಂದು ಲಿಖಿತವಾಗಿ ಕೇಳಿದ್ದೇನೆ: ಮಗುವನ್ನು ಒಪ್ಪಿಸಿದ ತಾಯಂದಿರ ಮನೆಗೂ ಆ ಆರು ಭೇಟಿ ಆಗಬೇಕು, ಬರುವವರು ಸಮವಸ್ತ್ರ ಹಾಕದೆ ಬರಲಿ.